ಅರ್ಬುದ ಚಿಕಿತ್ಸೆಯ ಚರಿತ್ರೆಯಲ್ಲಿ ಒಬ್ಬ ಕನ್ನಡ ವೈದ್ಯೆ

ರೋಗಗಳ ಚರಿತ್ರೆಯೆಂದರೆ ಔಷಧಗಳ ಚರಿತ್ರೆಯೇ ಎಂದು ಭಾವಿಸುವುದು ವಾಡಿಕೆ. ಯಾವ ಮದ್ದನ್ನು ಯಾರು ಕಂಡುಹಿಡಿದರು, ಯಾವ ಶಸ್ತ್ರಕ್ರಿಯೆಯನ್ನು ಯಾವ ದೇಶದ ವೈದ್ಯನು ಮೊದಲು ಮಾಡಿದನು ಎಂಬ ಸಂಗತಿಗಳೇ ಅಂಥ ಗ್ರಂಥಗಳನ್ನು ತುಂಬಿರುತ್ತವೆ. ಆದರೆ ಮದ್ದು ಇದ್ದ ಮಾತ್ರಕ್ಕೆ ರೋಗವು ಗುಣವಾಗುವುದಿಲ್ಲ. ರೋಗಿಯು ವೈದ್ಯರ ಬಳಿಗೆ ಬರಬೇಕು, ಸಕಾಲದಲ್ಲಿ ಬರಬೇಕು, ತನ್ನ ಬಾಧೆಯನ್ನು ಬಾಯಿಬಿಟ್ಟು ಹೇಳಬೇಕು. ಸ್ತ್ರೀಯರಿಗೆ ಬರುವ ಅರ್ಬುದ ರೋಗದ ವಿಷಯದಲ್ಲಿ ಈ ಮಾತು ಮಿಕ್ಕ ರೋಗಗಳಿಗಿಂತ ಹೆಚ್ಚಾಗಿ ಸಲ್ಲುತ್ತದೆ. ಈ ರೋಗದ ಚಿಕಿತ್ಸೆಯಲ್ಲಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಯಲ್ಲಿ ದೀರ್ಘಕಾಲ ದುಡಿದ ಡಾ. ವಿಜಯಲಕ್ಷ್ಮಿ ದೇಶಮಾನೆಯವರ ವೃತ್ತಿಜೀವನವನ್ನು ಪರಿಶೀಲಿಸುವಲ್ಲಿ ಈ ಅಂಶವು ಸ್ಪಷ್ಟವಾಗಿ ಗೋಚರಿಸುತ್ತದೆ. ಅವರು ಹುಟ್ಟಿದ್ದು ಕರ್ನಾಟಕದ ಉತ್ತರ ಭಾಗದ ಕಲಬುರಗಿಯಲ್ಲಿ. ಆದರೆ ಅವರ ಕಾರ್ಯದ ಅರ್ಥವನ್ನು ತಿಳಿಯಬೇಕಾದರೆ ನಾಡಿನ ದಕ್ಷಿಣದ ಕೊನೆಯಲ್ಲಿರುವ ಚಾಮರಾಜನಗರ, ಗುಂಡ್ಲುಪೇಟೆಗಳಂಥ ಊರುಗಳ ಕಡೆಯಿಂದ ನೋಡುವುದೇ ಲೇಸು. ಏಕೆಂದರೆ ದೊಡ್ಡ ಆಸ್ಪತ್ರೆಯ ಯೋಗ್ಯತೆ ಗೊತ್ತಾಗುವುದು ಅದರ ಬಾಗಿಲಲ್ಲಿ ನಿಂತವರಿಂದಲ್ಲ, ಆ ಬಾಗಿಲಿಗೆ ಬಹುದೂರದಲ್ಲಿರುವವರಿಂದ.

ಅರ್ಬುದವು ಹೊಸ ರೋಗವಲ್ಲ. ಸುಶ್ರುತ ಸಂಹಿತೆಯಲ್ಲಿ ಅದರ ಹೆಸರೂ ಲಕ್ಷಣವೂ ಉಂಟು. ಗ್ರೀಕರು ಅದನ್ನು ಏಡಿಗೆ ಹೋಲಿಸಿ ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಏಡಿಗೆ ಹೇಳುವ ಕ್ಯಾನ್ಸರ್ ಎಂಬ ಮಾತೇ ಇಂದು ನಮ್ಮ ಹಳ್ಳಿಗಳವರೆಗೂ ಬಂದು ನಿಂತಿದೆ. ಸ್ತ್ರೀಯರಲ್ಲಿ ಇದು ಮುಖ್ಯವಾಗಿ ಎರಡು ಕಡೆ ಕಾಣಿಸಿಕೊಳ್ಳುತ್ತದೆ: ಸ್ತನದಲ್ಲಿ, ಮತ್ತು ಗರ್ಭಕೋಶದ ಕೊರಳಿನಲ್ಲಿ. ೨೦೨೨ನೆಯ ಇಸವಿಯ ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದೇ ವರ್ಷದಲ್ಲಿ ಸುಮಾರು ೧,೯೨,೦೦೦ ಸ್ತ್ರೀಯರಿಗೆ ಸ್ತನದ ಅರ್ಬುದವೂ ಸುಮಾರು ೧,೨೭,೦೦೦ ಸ್ತ್ರೀಯರಿಗೆ ಗರ್ಭಕೋಶದ ಕೊರಳಿನ ಅರ್ಬುದವೂ ಹೊಸದಾಗಿ ತೋರಿದುವು. ಮೊದಲನೆಯದರಿಂದ ಸುಮಾರು ೯೮,೦೦೦ ಮಂದಿಯೂ ಎರಡನೆಯದರಿಂದ ಸುಮಾರು ೮೦,೦೦೦ ಮಂದಿಯೂ ಅದೇ ವರ್ಷ ಮರಣಹೊಂದಿದರು. ಈ ಎರಡು ರೋಗಗಳೂ ಮೊದಲ ಹಂತದಲ್ಲಿಯೇ ಕೈಗೆ ಸಿಕ್ಕಿದರೆ ಬಹುಮಟ್ಟಿಗೆ ಗುಣವಾಗತಕ್ಕವು ಎಂಬುದನ್ನು ನೆನೆದಾಗ ಈ ಅಂಕಿಗಳು ಮತ್ತಷ್ಟು ಭಾರವಾಗಿ ತೋರುತ್ತವೆ.

ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯವರು ಹುಟ್ಟಿದ ಊರೆಂಬ ಗೌರವದಿಂದ ೧೮೧೮ರಲ್ಲಿ ಅದಕ್ಕೆ ಈಗಿನ ಹೆಸರನ್ನು ಕೊಟ್ಟರು. ಗುಂಡ್ಲುಪೇಟೆಯು ಮೈಸೂರಿನಿಂದ ಉದಕಮಂಡಲಕ್ಕೂ ವಯನಾಡಿಗೂ ಹೋಗುವ ದಾರಿಗಳು ಕವಲೊಡೆಯುವ ಊರು. ಅದರಾಚೆ ಬಂಡೀಪುರದ ಕಾಡು, ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಈ ಎರಡು ತಾಲ್ಲೂಕುಗಳೂ ಬಹುಕಾಲ ಮೈಸೂರು ಜಿಲ್ಲೆಗೆ ಸೇರಿದ್ದು, ೧೯೯೭ರ ಆಗಸ್ಟ್ ತಿಂಗಳಲ್ಲಿ ಚಾಮರಾಜನಗರವು ಪ್ರತ್ಯೇಕ ಜಿಲ್ಲೆಯಾಯಿತು. ರಾಗಿ, ಜೋಳ, ಅರಿಸಿನ, ಚೆಂಡುಹೂವು ಬೆಳೆಯುವ ಈ ಸೀಮೆಯಲ್ಲಿ ಹೊಲದ ಕೆಲಸದ ಬಹುಭಾಗವು ಹೆಂಗಸರದೇ. ಕಾಡಿನ ಅಂಚಿನ ಹಾಡಿಗಳಲ್ಲಿಯೂ ಪೋಡುಗಳಲ್ಲಿಯೂ ಸೋಲಿಗರು, ಜೇನುಕುರುಬರು ವಾಸವಾಗಿದ್ದಾರೆ. ಗುಂಡ್ಲುಪೇಟೆಯಿಂದ ಮೈಸೂರಿಗೆ ಸುಮಾರು ೬೦ ಕಿಲೋಮೀಟರು, ಬೆಂಗಳೂರಿಗೆ ೨೦೦ ಕಿಲೋಮೀಟರಿನಷ್ಟು. ಇಂದಿನ ಮೋಟಾರು ರಸ್ತೆಯಲ್ಲಿ ಇದು ದೊಡ್ಡ ದೂರವಲ್ಲವೆಂದು ತೋರಬಹುದು. ಆದರೆ ಕಾಯಿಲೆಯ ಹೆಂಗಸಿಗೆ ದೂರವನ್ನು ಅಳೆಯುವ ಮಾನ ಬೇರೆ: ಜೊತೆಗೆ ಬರುವವರು ಯಾರು, ಮನೆಯ ಹಸುವಿಗೆ ಮೇವು ಹಾಕುವವರು ಯಾರು, ಒಂದು ದಿನದ ಕೂಲಿ ಹೋದರೆ ಗತಿಯೇನು ಎಂಬ ಪ್ರಶ್ನೆಗಳು ಪ್ರತಿಯೊಂದು ಮೈಲಿಗಲ್ಲಿನ ಬಳಿಯೂ ಎದುರಾಗುತ್ತವೆ.

ಈ ಸೀಮೆಯ ಸ್ತ್ರೀಯರಿಗೆ ಪಾಶ್ಚಾತ್ಯ ವೈದ್ಯದ ಆಸರೆ ದೊರೆತದ್ದು ಮೊದಲಿಗೆ ಮೈಸೂರು ನಗರದಲ್ಲಿ. ಮೆಥೊಡಿಸ್ಟ್ ಮಿಷನ್ನಿನವರು ೧೯೦೬ರಲ್ಲಿ ಅಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ತೆರೆದರು. ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಸೂರು ಮೆಡಿಕಲ್ ಕಾಲೇಜು ೧೯೩೦ರಲ್ಲಿ ಮೈಸೂರಿಗೆ ಬಂದಿತು. ಕೃಷ್ಣರಾಜೇಂದ್ರ ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆಗಳು ಸುತ್ತಣ ಜಿಲ್ಲೆಗಳ ರೋಗಿಗಳಿಗೆ ಆಶ್ರಯವಾದುವು. ಆದರೆ ಇವು ಪ್ರಸೂತಿ, ಜ್ವರ, ಗಾಯಗಳಿಗೆ ನೆರವಾದಂತೆ ಅರ್ಬುದಕ್ಕೆ ನೆರವಾಗುವಂತಿರಲಿಲ್ಲ. ಆ ಕಾಲದಲ್ಲಿ ದಕ್ಷಿಣ ದೇಶದಲ್ಲಿ ಕಿರಣಚಿಕಿತ್ಸೆಗೆ ಹೆಸರಾಗಿದ್ದದ್ದು ೧೯೩೪ರಲ್ಲಿ ಮದ್ರಾಸಿನಲ್ಲಿ ಸ್ಥಾಪನೆಯಾದ ಬರ್ನಾರ್ಡ್ ಸಂಸ್ಥೆ. ಅರ್ಬುದಕ್ಕೇ ಮೀಸಲಾದ ಟಾಟಾ ಸ್ಮಾರಕ ಆಸ್ಪತ್ರೆಯು ಮುಂಬಯಿಯಲ್ಲಿ ತೆರೆದದ್ದು ೧೯೪೧ರಲ್ಲಿ. ಗುಂಡ್ಲುಪೇಟೆಯ ಬಡ ಗೃಹಿಣಿಗೆ ಮದ್ರಾಸೂ ಮುಂಬಯಿಯೂ ಹೆಸರಿಗೆ ಮಾತ್ರ ಇದ್ದ ಊರುಗಳು.

ಅಷ್ಟರಲ್ಲಿ ಜಗತ್ತಿನ ವೈದ್ಯವಿದ್ಯೆ ಬಹಳ ಮುಂದುವರಿದಿತ್ತು. ಅಮೆರಿಕದ ಬಾಲ್ಟಿಮೋರಿನಲ್ಲಿ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯನು ಸ್ತನವನ್ನೂ ಅದರ ಕೆಳಗಿನ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ಒಟ್ಟಿಗೆ ತೆಗೆದುಹಾಕುವ ಮಹಾಶಸ್ತ್ರಕ್ರಿಯೆಯನ್ನು ೧೮೯೪ರಲ್ಲಿ ವಿವರಿಸಿದನು. ವಿಯೆನ್ನಾದ ವೆರ್ಟ್‌ಹೈಮ್ ೧೮೯೮ರಲ್ಲಿ ಗರ್ಭಕೋಶದ ಅರ್ಬುದಕ್ಕೆ ಅಂಥದೇ ವಿಸ್ತಾರವಾದ ಶಸ್ತ್ರಕ್ರಿಯೆಯನ್ನು ನಡೆಸಿದನು. ಅದೇ ವರ್ಷ ಕ್ಯೂರಿ ದಂಪತಿಗಳು ರೇಡಿಯಮ್ ಧಾತುವನ್ನು ಕಂಡುಹಿಡಿದರು. ಕೆಲವೇ ವರ್ಷಗಳಲ್ಲಿ ಅದನ್ನು ಗರ್ಭಕೋಶದ ಕೊರಳಿನಲ್ಲಿಟ್ಟು ಅರ್ಬುದವನ್ನು ಸುಡುವ ಕ್ರಮ ಬಂದಿತು. ೧೯೪೦ರ ದಶಕದಲ್ಲಿ ಪಾಪನಿಕೊಲಾವ್ ಎಂಬ ಗ್ರೀಕ್ ವಿಜ್ಞಾನಿಯು, ಕೊರಳಿನ ಮೇಲ್ಮೈಯಿಂದ ತೆಗೆದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗವನ್ನು ಅದು ಅರ್ಬುದವಾಗುವುದಕ್ಕೆ ಮುಂಚೆಯೇ ಗುರುತಿಸಬಹುದೆಂದು ತೋರಿಸಿದನು. ವಿದ್ಯೆಯೇನೋ ಬೆಳೆಯಿತು; ಆದರೆ ಅದು ನಗರಗಳಲ್ಲಿಯೇ ಉಳಿಯಿತು.

ನಮ್ಮ ನೆರೆನಾಡಿನಲ್ಲಿ ಈ ಸ್ಥಿತಿಯನ್ನು ಬದಲಾಯಿಸಲು ಮುಂದಾದವರು ಸ್ತ್ರೀಯರೇ ಎಂಬುದು ಗಮನಿಸತಕ್ಕ ವಿಷಯ. ೧೯೧೨ರಲ್ಲಿ ಮದ್ರಾಸಿನಲ್ಲಿ ವೈದ್ಯಪದವಿಯನ್ನು ಪಡೆದ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ತಮ್ಮ ಒಡಹುಟ್ಟಿದ ತಂಗಿಯನ್ನು ಅರ್ಬುದಕ್ಕೆ ಬಲಿಕೊಟ್ಟ ದುಃಖವನ್ನು ಮರೆಯದೆ, ಬಹುವರ್ಷಗಳ ಯತ್ನದ ಮೇಲೆ ೧೯೫೪ರಲ್ಲಿ ಅಡಯಾರಿನಲ್ಲಿ ಅರ್ಬುದ ಆಸ್ಪತ್ರೆಯನ್ನು ತೆರೆದರು. ಹನ್ನೆರಡು ಹಾಸಿಗೆಗಳ ಆ ಚಿಕ್ಕ ಆಸ್ಪತ್ರೆಗೆ ೧೯೫೫ರಲ್ಲಿ ಬಂದು ಸೇರಿದ ಡಾ. ವಿ. ಶಾಂತಾ ಅವರು ಪ್ರಸೂತಿ ಮತ್ತು ಸ್ತ್ರೀರೋಗ ಶಾಸ್ತ್ರವನ್ನು ಓದಿದವರು. ಸುಲಭವಾದ ಸರಕಾರಿ ನೌಕರಿಯ ದಾರಿಯನ್ನು ಬಿಟ್ಟು ಅರ್ಬುದ ಚಿಕಿತ್ಸೆಗೆ ತಮ್ಮನ್ನು ಒಪ್ಪಿಸಿಕೊಂಡ ಅವರು ೨೦೨೧ರ ಜನವರಿಯಲ್ಲಿ ನಿಧನರಾಗುವವರೆಗೂ ಆ ಸಂಸ್ಥೆಯನ್ನು ಬಿಡಲಿಲ್ಲ. ಕರ್ನಾಟಕದಲ್ಲಿ ಇಂಥ ಕೆಲಸಕ್ಕೆ ನೆಲೆಯಾದದ್ದು ಕೇಂದ್ರ ಮಂತ್ರಿಗಳಾಗಿದ್ದ ರಫಿ ಅಹಮದ್ ಕಿದ್ವಾಯಿಯವರ ಹೆಸರಿನಲ್ಲಿ ೧೯೭೩ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಸಂಸ್ಥೆ. ೧೯೮೦ರಲ್ಲಿ ಅದು ಸ್ವಾಯತ್ತ ಸಂಸ್ಥೆಯಾಯಿತು. ಅಂದಿನಿಂದ ಬೀದರಿನಿಂದ ಚಾಮರಾಜನಗರದವರೆಗೆ, ಆಂಧ್ರದ ಗಡಿಯಿಂದಲೂ ತಮಿಳುನಾಡಿನ ಗಡಿಯಿಂದಲೂ, ಬಡ ರೋಗಿಗಳಿಗೆ ಅದೇ ಕೊನೆಯ ಆಸರೆಯಾಯಿತು. ಈ ಸಂಸ್ಥೆಗೆ ಶಸ್ತ್ರವೈದ್ಯೆಯಾಗಿ ಬಂದವರು ದೇಶಮಾನೆಯವರು.

ವಿಜಯಲಕ್ಷ್ಮಿ ದೇಶಮಾನೆಯವರು ೧೯೫೫ರಲ್ಲಿ ಕಲಬುರಗಿಯ ಒಂದು ಬಡ ದಲಿತ ಕುಟುಂಬದಲ್ಲಿ ಜನಿಸಿದರು. ತಂದೆಯು ಕೂಲಿನಾಲಿ ಮಾಡಿ, ತಾನೇ ಅಕ್ಷರ ಕಲಿತು, ಮಕ್ಕಳು ವಿದ್ಯಾವಂತರಾಗಲೇಬೇಕೆಂದು ಹಟ ಹಿಡಿದವರು. ಮಗಳು ಡಾಕ್ಟರಾಗಿ ಬಡವರ ಸೇವೆ ಮಾಡಬೇಕೆಂಬುದು ಅವರ ಆಸೆ. ತಾಯಿಯು ತರಕಾರಿ ಮಾರಿ ಸಂಸಾರವನ್ನು ತೂಗಿಸಿದರು. ಮಗಳೂ ತಲೆಯ ಮೇಲೆ ತರಕಾರಿಯ ಹೊರೆ ಹೊತ್ತವಳೇ. ಹುಬ್ಬಳ್ಳಿಯ ಕರ್ನಾಟಕ ಮೆಡಿಕಲ್ ಕಾಲೇಜಿನಲ್ಲಿ ಸ್ಥಾನ ದೊರೆತಾಗ ಶುಲ್ಕಕ್ಕೆ ಹಣವಿರಲಿಲ್ಲ. ತಾಯಿಯು ತಮ್ಮ ಮಾಂಗಲ್ಯವನ್ನೇ ಕೊಟ್ಟು ಹಣ ಹೊಂದಿಸಿದರು. ಸ್ತ್ರೀಯೊಬ್ಬಳು ತನ್ನ ಕೊರಳಿನ ಮಾಂಗಲ್ಯವನ್ನು ಬಿಚ್ಚುವುದೆಂದರೆ ನಮ್ಮ ಸಮಾಜದಲ್ಲಿ ಏನರ್ಥವೆಂಬುದನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ.

ಕಾಲೇಜನ್ನು ಸೇರಿದೊಡನೆ ಕಷ್ಟ ಕೊನೆಗೊಳ್ಳಲಿಲ್ಲ. ಕನ್ನಡದಲ್ಲಿ ಓದಿ ಬಂದ ಹುಡುಗಿಗೆ ಇಂಗ್ಲಿಷಿನ ವೈದ್ಯಗ್ರಂಥಗಳು ಎದುರಾದುವು. ಮೊದಲ ವರ್ಷದ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾಗಲಿಲ್ಲ. ಇಂಥ ಸಂದರ್ಭದಲ್ಲಿ ಎಷ್ಟು ಮಂದಿ ಗ್ರಾಮಾಂತರದ ವಿದ್ಯಾರ್ಥಿಗಳು ಮೌನವಾಗಿ ಊರಿಗೆ ಹಿಂದಿರುಗಿರುವರೋ ಲೆಕ್ಕವಿಟ್ಟವರಿಲ್ಲ. ದೇಶಮಾನೆಯವರು ಹಿಂದಿರುಗಲಿಲ್ಲ. ಅಧ್ಯಾಪಕರ ಪ್ರೋತ್ಸಾಹ ಪಡೆದು, ಭಾಷೆಯನ್ನು ಗೆದ್ದು, ಮುಂದಿನ ಪರೀಕ್ಷೆಗಳಲ್ಲಿ ಮೇಲ್ಮಟ್ಟದ ವಿದ್ಯಾರ್ಥಿನಿಯೆನಿಸಿಕೊಂಡರು. ಬಳಿಕ ಶಸ್ತ್ರಚಿಕಿತ್ಸೆಯಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದರು. ಆ ಕಾಲದಲ್ಲಿ ವೈದ್ಯೆಯರೆಂದರೆ ಪ್ರಸೂತಿ ವಿಭಾಗಕ್ಕೇ ಸೇರತಕ್ಕವರೆಂಬ ಭಾವನೆ ಬಲವಾಗಿತ್ತು. ಕತ್ತಿ ಹಿಡಿಯುವ ಶಸ್ತ್ರವೈದ್ಯವು ಗಂಡಸರ ಕ್ಷೇತ್ರವೆಂದೇ ಎಣಿಕೆ. ಅದನ್ನು ಆರಿಸಿಕೊಂಡು, ಅದರಲ್ಲಿಯೂ ಅರ್ಬುದ ಶಸ್ತ್ರಚಿಕಿತ್ಸೆಯನ್ನು ಆರಿಸಿಕೊಂಡು, ೧೯೮೦ರ ದಶಕದಲ್ಲಿ ಅವರು ಕಿದ್ವಾಯಿ ಸಂಸ್ಥೆಯಲ್ಲಿ ತಮ್ಮ ವೃತ್ತಿಯನ್ನು ನೆಲೆಗೊಳಿಸಿದರು. ಸ್ತನದ ಅರ್ಬುದವು ಅವರ ವಿಶೇಷ ಕ್ಷೇತ್ರವಾಯಿತು. ಪ್ರಾಧ್ಯಾಪಕಿಯಾಗಿ, ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥೆಯಾಗಿ, ಸಂಸ್ಥೆಯ ಆಡಳಿತದ ಹೊಣೆಯನ್ನೂ ಹೊತ್ತು, ೨೦೧೫ರಲ್ಲಿ ಅವರು ನಿವೃತ್ತರಾದರು.

ಅವರ ವೃತ್ತಿಕಾಲವು ಸ್ತನದ ಅರ್ಬುದ ಚಿಕಿತ್ಸೆಯಲ್ಲಿ ದೊಡ್ಡ ಪರಿವರ್ತನೆಯ ಕಾಲವೂ ಆಗಿತ್ತು. ಹಾಲ್‌ಸ್ಟೆಡನ ಮಹಾಶಸ್ತ್ರಕ್ರಿಯೆಯು ಮುಕ್ಕಾಲು ಶತಮಾನದವರೆಗೆ ವೇದವಾಕ್ಯದಂತೆ ನಡೆದುಬಂದಿತ್ತು. ಹೆಚ್ಚು ಕತ್ತರಿಸಿದಷ್ಟೂ ಹೆಚ್ಚು ಕ್ಷೇಮವೆಂದು ವೈದ್ಯರು ನಂಬಿದ್ದರು; ಪ್ರಾಣ ಉಳಿದರೂ ಸ್ತ್ರೀಯರು ವಿರೂಪವನ್ನೂ ಊದಿಕೊಂಡ ತೋಳನ್ನೂ ಜೀವಮಾನವೆಲ್ಲ ಸಹಿಸಬೇಕಾಗಿತ್ತು. ಅಮೆರಿಕದ ಬರ್ನಾರ್ಡ್ ಫಿಷರ್ ಎಂಬ ವೈದ್ಯನು ಸಾವಿರಾರು ಸ್ತ್ರೀಯರ ಮೇಲೆ ನಡೆಸಿದ ಕ್ರಮಬದ್ಧ ಪರೀಕ್ಷೆಗಳ ಫಲವನ್ನು ೧೯೮೫ರಲ್ಲಿ ಪ್ರಕಟಿಸಿ, ಗಡ್ಡೆ ಚಿಕ್ಕದಾಗಿದ್ದರೆ ಅದನ್ನು ಮಾತ್ರ ತೆಗೆದು ಕಿರಣಚಿಕಿತ್ಸೆ ಕೊಟ್ಟರೂ ಆಯುಷ್ಯವು ಕಡಮೆಯಾಗುವುದಿಲ್ಲವೆಂದು ತೋರಿಸಿದನು. ಶಸ್ತ್ರ, ಕಿರಣ, ಔಷಧ ಈ ಮೂರನ್ನೂ ಹೊಂದಿಸಿ ಚಿಕಿತ್ಸೆ ಮಾಡುವ ಪದ್ಧತಿ ಬೆಳೆಯಿತು. ಆದರೆ ಇಲ್ಲಿ ಒಂದು ವಿಷಾದಕರ ಸಂಗತಿಯನ್ನು ಗಮನಿಸಬೇಕು. ಸ್ತನವನ್ನು ಉಳಿಸುವ ಈ ಚಿಕಿತ್ಸೆಯು ಗಡ್ಡೆ ಚಿಕ್ಕದಾಗಿರುವಾಗಲೇ ಬಂದವರಿಗೆ ಸಲ್ಲತಕ್ಕದ್ದು. ಭಾರತದ ಸರಕಾರಿ ಆಸ್ಪತ್ರೆಗಳಿಗೆ ಬಂದ ಸ್ತ್ರೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೂರನೆಯ ಅಥವಾ ನಾಲ್ಕನೆಯ ಹಂತದಲ್ಲಿ, ಗಡ್ಡೆ ಒಡೆದು ಹುಣ್ಣಾದ ಮೇಲೆ ಇಲ್ಲವೆ ರೋಗವು ಕಂಕುಳಿಗೂ ಮೂಳೆಗೂ ಹರಡಿದ ಮೇಲೆ ಬರುತ್ತಿದ್ದರು. ಜಗತ್ತಿನ ವಿದ್ಯೆ ಬದಲಾದರೂ ರೋಗಿಯು ಬರುವ ಹೊತ್ತು ಬದಲಾಗದಿದ್ದರೆ ಆ ವಿದ್ಯೆಯ ಫಲ ಆಕೆಗೆ ದಕ್ಕುವುದಿಲ್ಲ. ಶಸ್ತ್ರವೈದ್ಯರಾಗಿದ್ದ ದೇಶಮಾನೆಯವರು ಶಸ್ತ್ರಶಾಲೆಯ ಹೊರಗೆ, ಜನರಿಗೆ ರೋಗದ ತಿಳಿವಳಿಕೆಯನ್ನು ಕೊಡುವ ಕಾರ್ಯಕ್ಕೂ ತಮ್ಮನ್ನು ತೊಡಗಿಸಿಕೊಂಡದ್ದು ಅದಕ್ಕಾಗಿಯೇ ಸಹಜವೂ ಅವಶ್ಯಕವೂ ಆಗಿತ್ತು.

ಇದೇ ಕಾಲದಲ್ಲಿ ಮತ್ತೊಂದು ಪಲ್ಲಟವು ನಡೆಯಿತು. ೧೯೮೦ರ ದಶಕದ ಆರಂಭದಲ್ಲಿ ದೇಶದ ಅರ್ಬುದ ರೋಗಿಗಳ ಲೆಕ್ಕವನ್ನು ಕ್ರಮವಾಗಿ ಇಡುವ ಕಾರ್ಯವು ಆರಂಭವಾದಾಗ, ಮುಂಬಯಿ, ಮದ್ರಾಸುಗಳೊಡನೆ ಬೆಂಗಳೂರೂ ಮೊದಲ ಕೇಂದ್ರಗಳಲ್ಲಿ ಒಂದಾಗಿ, ಕಿದ್ವಾಯಿ ಸಂಸ್ಥೆಯು ಆ ಲೆಕ್ಕವನ್ನು ವಹಿಸಿಕೊಂಡಿತು. ಆಗ ಬೆಂಗಳೂರಿನ ಸ್ತ್ರೀಯರಲ್ಲಿ ಮೊದಲ ಸ್ಥಾನ ಗರ್ಭಕೋಶದ ಕೊರಳಿನ ಅರ್ಬುದಕ್ಕೆ. ಎರಡು ಮೂರು ದಶಕಗಳಲ್ಲಿ ಅದು ಇಳಿಮುಖವಾಗಿ ಸ್ತನದ ಅರ್ಬುದವು ಮೇಲೆ ಬಂದಿತು. ಮದುವೆಯ ವಯಸ್ಸು ಏರಿದುದು, ಹೆರಿಗೆಗಳು ಕಡಮೆಯಾದುದು, ಶುಚಿತ್ವದ ಅನುಕೂಲಗಳು ಹೆಚ್ಚಿದುದು ಮೊದಲನೆಯದರ ಇಳಿತಕ್ಕೆ ಕಾರಣಗಳಲ್ಲಿ ಸೇರಿವೆ. ತಡವಾಗಿ ಮೊದಲ ಮಗು, ಕಡಮೆ ಕಾಲದ ಮೊಲೆಯೂಡಿಕೆ, ಸ್ಥೂಲಕಾಯ ಇತ್ಯಾದಿಗಳು ಎರಡನೆಯದರ ಏರಿಕೆಗೆ ಕಾರಣಗಳಲ್ಲಿ ಸೇರಿವೆ. ನಗರದ ಈ ಪಲ್ಲಟವು ಹಳ್ಳಿಗಳಲ್ಲಿ ಅದೇ ವೇಗದಿಂದ ನಡೆಯಲಿಲ್ಲ. ಬಾಲ್ಯದಲ್ಲಿಯೇ ಮದುವೆಯಾಗಿ, ಚಿಕ್ಕ ವಯಸ್ಸಿನಲ್ಲಿಯೇ ಹಲವು ಹೆರಿಗೆಗಳನ್ನು ಕಂಡ ಗ್ರಾಮಸ್ತ್ರೀಯರಿಗೆ ಹಳೆಯ ಅಪಾಯವು ತಪ್ಪದೆ ಉಳಿಯಿತು. ಹೀಗಾಗಿ ಗುಂಡ್ಲುಪೇಟೆಯಂಥ ಸೀಮೆಯು ಎರಡು ರೋಗಗಳನ್ನೂ ಏಕಕಾಲದಲ್ಲಿ ಎದುರಿಸಬೇಕಾಗಿದೆ.

ರೋಗಿಯು ತಡವಾಗಿ ಬರುವುದಕ್ಕೆ ಕಾರಣವೇನು? ಅಜ್ಞಾನವೆಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ಸುಲಭ, ಆದರೆ ನ್ಯಾಯವಲ್ಲ. ಸ್ತನದ ಗಡ್ಡೆಯು ಮೊದಲಿಗೆ ನೋಯುವುದಿಲ್ಲ. ನೋಯದಿರುವುದನ್ನು ದುಡಿಯುವ ಹೆಂಗಸು ಲೆಕ್ಕಕ್ಕೆ ತರುವುದಿಲ್ಲ. ಗರ್ಭಕೋಶದ ಕೊರಳಿನ ರೋಗವು ದುರ್ವಾಸನೆಯ ಬಿಳಿಸೆರಗಾಗಿಯೋ, ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ತೋರುವ ರಕ್ತಸ್ರಾವವಾಗಿಯೋ ಕಾಣಿಸಿಕೊಳ್ಳುತ್ತದೆ. ಇವನ್ನು ಗಂಡನಿಗೆ ಹೇಳಲು ನಾಚಿಕೆ, ಮಗನಿಗೆ ಹೇಳಲು ಇನ್ನೂ ನಾಚಿಕೆ, ಪುರುಷ ವೈದ್ಯರ ಮುಂದೆ ಹೇಳುವುದಂತೂ ಆಗದ ಮಾತು. ಮನೆಮದ್ದು, ಹರಕೆ, ನಾಟಿ ಔಷಧಿಗಳಲ್ಲಿ ತಿಂಗಳುಗಳು ಉರುಳುತ್ತವೆ. ಕೊನೆಗೆ ದೊಡ್ಡ ಆಸ್ಪತ್ರೆಗೆ ಹೊರಟಾಗ ಮತ್ತೊಂದು ತೊಡಕು. ಕಿರಣಚಿಕಿತ್ಸೆಯು ಒಂದು ದಿನದ ಕೆಲಸವಲ್ಲ. ವಾರಕ್ಕೆ ಐದು ದಿನದಂತೆ ಐದಾರು ವಾರ ಪ್ರತಿದಿನವೂ ನಡೆಯತಕ್ಕದ್ದು. ಅಷ್ಟು ಕಾಲ ಪರಸ್ಥಳದಲ್ಲಿ ತಂಗಬೇಕು, ಊಟಕ್ಕೆ ದಾರಿಯಾಗಬೇಕು, ಜೊತೆಗೊಬ್ಬರು ಇರಬೇಕು. ಕೊಯ್ಲಿನ ಕಾಲ ಬಂದರೆ ಜೊತೆಯವರು ಊರಿಗೆ ಓಡಬೇಕು. ಚಿಕಿತ್ಸೆಯನ್ನು ಅರ್ಧದಲ್ಲಿ ಬಿಟ್ಟುಹೋಗುವವರ ಕಷ್ಟಕ್ಕೆ ಮೂಲವು ಮೂಢತನವಲ್ಲ, ಬಡತನ.

ಇಂಥ ರೋಗಿಯ ಮುಂದೆ ಕುಳಿತ ವೈದ್ಯರು ಯಾರೆಂಬುದು ಸಾಮಾನ್ಯ ವಿಷಯವಲ್ಲ. ಆಕೆಯ ಭಾಷೆಯನ್ನು ಬಲ್ಲ ಸ್ತ್ರೀ, ಕೂಲಿಯವರ ಮನೆಯ ಒಲೆಯನ್ನು ಒಳಗಿನಿಂದ ಕಂಡ ಸ್ತ್ರೀ, ಔಷಧಕ್ಕೂ ಅನ್ನಕ್ಕೂ ನಡುವೆ ಆರಿಸಿಕೊಳ್ಳಬೇಕಾದ ಸಂಕಟವು ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲದ ಸ್ತ್ರೀ ಎದುರಿಗಿದ್ದರೆ ಬಾಯಿಬಾರದ ರೋಗಿಗೂ ಮಾತು ಬರುತ್ತದೆ. ದೇಶಮಾನೆಯವರ ಜೀವನಚರಿತ್ರೆಯಲ್ಲಿ ತರಕಾರಿಯ ಬುಟ್ಟಿಯೂ ತಾಯಿಯ ಮಾಂಗಲ್ಯವೂ ಕೇವಲ ಮನಕರಗಿಸುವ ಕಥಾಂಶಗಳಲ್ಲ. ಅವು ವೈದ್ಯೆಯ ವಿದ್ಯೆಯ ಭಾಗವೇ ಆಗಿವೆ ಎಂದರೆ ತಪ್ಪಾಗಲಾರದು. ಗ್ರಂಥಗಳಿಂದ ಕಲಿಯಲಾಗದ ಪಾಠವನ್ನು ಅವರು ಕಾಲೇಜಿಗೆ ಕಾಲಿಡುವ ಮೊದಲೇ ಕಲಿತಿದ್ದರು.

ಹಣದ ತೊಡಕನ್ನು ಸಡಿಲಿಸಲು ಸರಕಾರವು ಕ್ರಮೇಣ ಕೆಲವು ಏರ್ಪಾಡುಗಳನ್ನು ಮಾಡಿತು. ಸಹಕಾರ ಸಂಘಗಳ ರೈತ ಸದಸ್ಯರಿಗಾಗಿ ೨೦೦೩ರಲ್ಲಿ ಯಶಸ್ವಿನಿ ಯೋಜನೆ ಬಂದಿತು. ಅರ್ಬುದವೇ ಮೊದಲಾದ ದೊಡ್ಡ ರೋಗಗಳಿಗೆ ಬಡ ಕುಟುಂಬಗಳಿಗೆ ಉಚಿತ ಚಿಕಿತ್ಸೆಯನ್ನು ಕೊಡುವ ವಾಜಪೇಯಿ ಆರೋಗ್ಯಶ್ರೀ ಯೋಜನೆಯು ೨೦೧೦ರಲ್ಲಿ ಕಲಬುರಗಿ ವಿಭಾಗದಲ್ಲಿಯೇ ಮೊದಲು ಆರಂಭವಾಗಿ ಬಳಿಕ ಉಳಿದ ವಿಭಾಗಗಳಿಗೆ ಹಬ್ಬಿತು. ೨೦೧೮ರಿಂದ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕವೆಂಬ ಹೆಸರಿನಲ್ಲಿ ಇವು ಒಂದುಗೂಡಿದುವು. ಕಿದ್ವಾಯಿ ಸಂಸ್ಥೆಯು ಕಲಬುರಗಿ, ಮಂಡ್ಯಗಳಲ್ಲಿ ಶಾಖಾಕೇಂದ್ರಗಳನ್ನು ತೆರೆಯಿತು. ಚಾಮರಾಜನಗರದಲ್ಲಿ ೨೦೧೬ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾದುದು ಈ ಜಿಲ್ಲೆಯ ಚರಿತ್ರೆಯಲ್ಲಿ ಒಂದು ಮುಖ್ಯ ಘಟನೆ. ಸಂಶಯ ಬಂದ ಗಡ್ಡೆಯನ್ನು ಪರೀಕ್ಷಿಸಿ ನಿರ್ಣಯಿಸಲು ಜಿಲ್ಲೆಯನ್ನು ಬಿಟ್ಟು ಹೋಗಬೇಕಾದ ಕಾಲವು ಅಲ್ಲಿಗೆ ಮುಗಿಯುವ ಸೂಚನೆ ತೋರಿತು.

ಆದರೂ ಎಲ್ಲಕ್ಕಿಂತ ದೊಡ್ಡ ಉಳಿತಾಯವು ರೋಗವನ್ನು ಬರುವ ಮುನ್ನವೇ ಹಿಡಿಯುವುದರಲ್ಲಿದೆ. ಗರ್ಭಕೋಶದ ಕೊರಳಿನ ಅರ್ಬುದಕ್ಕೆ ಒಂದು ವೈರಾಣುವು ಕಾರಣವೆಂಬುದನ್ನು ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ ೧೯೮೦ರ ದಶಕದಲ್ಲಿ ತೋರಿಸಿ, ೨೦೦೮ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ವೈರಾಣು ಅಂಟಿದ ಮೇಲೆ ಅರ್ಬುದವಾಗಲು ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ವರ್ಷಗಳು ಹಿಡಿಯುತ್ತವೆ; ಅಂದರೆ ತಡೆಯುವುದಕ್ಕೆ ಅಷ್ಟು ದೀರ್ಘವಾದ ಅವಕಾಶವುಂಟು. ತಡೆಯುವ ವಿಧಾನವೂ ಅತಿ ಸರಳ. ದುರ್ಬಲಗೊಳಿಸಿದ ವಿನೆಗರ್ ಆಮ್ಲವನ್ನು ಕೊರಳಿಗೆ ಹಚ್ಚಿದರೆ ಕೆಟ್ಟ ಭಾಗವು ಒಂದು ನಿಮಿಷದಲ್ಲಿ ಬಿಳುಪಾಗಿ ಬರಿಗಣ್ಣಿಗೇ ತೋರುತ್ತದೆ. ಅದನ್ನು ಶೀತದಿಂದಲೋ ಶಾಖದಿಂದಲೋ ನಾಶಪಡಿಸಬಹುದು. ಮುಂಬಯಿಯ ಕೊಳೆಗೇರಿಗಳಲ್ಲಿ ಸುಮಾರು ೧,೫೦,೦೦೦ ಸ್ತ್ರೀಯರನ್ನು ಒಳಗೊಂಡು ಟಾಟಾ ಸ್ಮಾರಕ ಆಸ್ಪತ್ರೆಯವರು ನಡೆಸಿದ ದೀರ್ಘ ಪರೀಕ್ಷೆಯಲ್ಲಿ, ಹತ್ತನೆಯ ತರಗತಿಯವರೆಗೆ ಓದಿದ ಹೆಂಗಸರೇ ತರಬೇತಿ ಪಡೆದು ಈ ಕೆಲಸವನ್ನು ಮಾಡಿದರು. ೨೦೧೩ರಲ್ಲಿ ಪ್ರಕಟವಾದ ಅದರ ಫಲ: ಈ ರೋಗದಿಂದ ಸಾಯುವವರ ಸಂಖ್ಯೆಯು ನೂರಕ್ಕೆ ೩೧ರಷ್ಟು ಇಳಿಯಿತು. ಅದೇ ಆಸ್ಪತ್ರೆಯವರ ೨೦೨೧ರ ಮತ್ತೊಂದು ವರದಿಯು, ಅಂಥ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನವನ್ನು ಪರೀಕ್ಷಿಸಿದರೆ ಐವತ್ತು ದಾಟಿದ ಸ್ತ್ರೀಯರಲ್ಲಿ ಸ್ತನದ ಅರ್ಬುದದ ಮರಣವು ನೂರಕ್ಕೆ ೩೦ರ ಸಮೀಪದಷ್ಟು ಕಡಮೆಯಾಗುವುದೆಂದು ತಿಳಿಸಿತು.

ಈ ಸಂಗತಿಯಲ್ಲಿ ಚಾಮರಾಜನಗರ ಸೀಮೆಗೆ ವಿಶೇಷವಾದ ಅರ್ಥವಿದೆ. ಇಲ್ಲಿಯ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನರು ೧೯೮೧ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿ, ವೈದ್ಯವು ಆಸ್ಪತ್ರೆಯಲ್ಲಿ ರೋಗಿಗಾಗಿ ಕಾಯುವುದರ ಬದಲು ಪೋಡಿನಿಂದ ಪೋಡಿಗೆ ನಡೆದು ಹೋಗಬೇಕೆಂಬುದನ್ನು ಆಚರಣೆಯಲ್ಲಿ ತೋರಿಸಿಕೊಟ್ಟರು. ೨೦೦೫ರಿಂದ ಪ್ರತಿಯೊಂದು ಹಳ್ಳಿಯಲ್ಲಿಯೂ ಆಶಾ ಕಾರ್ಯಕರ್ತೆಯರ ಏರ್ಪಾಡು ಬಂದಿದೆ. ಮೂವತ್ತರಿಂದ ಅರವತ್ತೈದು ವಯಸ್ಸಿನ ಸ್ತ್ರೀಯರೆಲ್ಲರಿಗೂ ಐದು ವರ್ಷಕ್ಕೊಮ್ಮೆ ಸ್ತನದ, ಬಾಯಿಯ, ಗರ್ಭಕೋಶದ ಕೊರಳಿನ ಪರೀಕ್ಷೆಯಾಗಬೇಕೆಂದು ಕೇಂದ್ರ ಸರಕಾರವು ೨೦೧೬ರಲ್ಲಿ ವಿಧಿಸಿತು. ಹೆಣ್ಣುಮಕ್ಕಳಿಗೆ ವೈರಾಣುವನ್ನು ತಡೆಯುವ ಲಸಿಕೆಯು ೨೦೦೬ರಿಂದ ಜಗತ್ತಿನಲ್ಲಿ ಬಳಕೆಗೆ ಬಂದಿತು. ಪುಣೆಯಲ್ಲಿ ತಯಾರಾದ ಸ್ವದೇಶೀ ಲಸಿಕೆಗೆ ೨೦೨೨ರಲ್ಲಿ ಅನುಮತಿ ದೊರೆಯಿತು. ಸಾಧನ ಸಾಮಗ್ರಿಗಳೆಲ್ಲ ಒಂದೊಂದಾಗಿ ಕೂಡಿಬಂದಿವೆ. ಆದರೆ ೨೦೧೯ರಿಂದ ೨೦೨೧ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಮೂವತ್ತರಿಂದ ನಲವತ್ತೊಂಬತ್ತು ವಯಸ್ಸಿನ ಸ್ತ್ರೀಯರಲ್ಲಿ ಗರ್ಭಕೋಶದ ಕೊರಳಿನ ಪರೀಕ್ಷೆಯನ್ನು ಒಮ್ಮೆಯಾದರೂ ಮಾಡಿಸಿಕೊಂಡವರು ನೂರಕ್ಕೆ ಇಬ್ಬರಷ್ಟೂ ಇರಲಿಲ್ಲ. ವಿಧಿಯು ಕಾಗದದ ಮೇಲೆ ಬರೆಯಲ್ಪಟ್ಟ ಮಾತ್ರಕ್ಕೆ ಹೊಸ್ತಿಲನ್ನು ದಾಟಿ ಒಳಗೆ ಬರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಲ್ಲಿ ವಿದ್ಯಾವಂತ ಗೃಹಸ್ಥರ ಕರ್ತವ್ಯವೂ ಅಡಗಿದೆ. ಈ ರೋಗವನ್ನು ಕುರಿತು ಮನೆಗಳಲ್ಲಿ ಪಿಸುಮಾತಿನಲ್ಲಿ ಮಾತನಾಡುವುದು ಹಳ್ಳಿಯವರ ರೂಢಿ ಮಾತ್ರವಲ್ಲ. ಓದಿದವರ ಮನೆಗಳಲ್ಲಿಯೂ ರೋಗದ ಹೆಸರನ್ನು ರೋಗಿಗೆ ಹೇಳದೆ ಮುಚ್ಚಿಡುವವರುಂಟು. ಅತ್ತೆಗೆ, ತಾಯಿಗೆ, ಮನೆಗೆಲಸಕ್ಕೆ ಬರುವ ಹೆಂಗಸಿಗೆ ಸಕಾಲದಲ್ಲಿ ಒಂದು ಮಾತು ಹೇಳಿ ಪರೀಕ್ಷೆಗೆ ಕರೆದೊಯ್ಯುವುದು ದಾನಧರ್ಮಗಳಲ್ಲಿ ಯಾವುದಕ್ಕೂ ಕಡಮೆಯದಲ್ಲ.

ದೇಶಮಾನೆಯವರು ನಿವೃತ್ತಿಯ ಬಳಿಕ ತಮ್ಮ ಹುಟ್ಟೂರಾದ ಕಲಬುರಗಿಯಲ್ಲಿ ಬಡ ರೋಗಿಗಳ ಸೇವೆಯನ್ನು ಮುಂದುವರಿಸಿದರು. ೨೦೨೫ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿ ಗೌರವಿಸಿತು. ಪ್ರಶಸ್ತಿಯು ವ್ಯಕ್ತಿಗೆ ಸಂದರೂ ಅದರ ಹಿಂದಿರುವ ಕಾರ್ಯವು ಒಬ್ಬರಿಂದ ಪೂರೈಸತಕ್ಕದ್ದಲ್ಲ. ಶಸ್ತ್ರವೈದ್ಯೆಯೊಬ್ಬರು ಮೂವತ್ತು ವರ್ಷ ದುಡಿದರೂ ತಮ್ಮ ಮೇಜಿನ ಬಳಿಗೆ ಬಂದವರಿಗೆ ಮಾತ್ರ ನೆರವಾಗಬಲ್ಲರು. ಬಾರದೆ ಉಳಿದವರ ಸಂಖ್ಯೆಯೇ ಈ ಚರಿತ್ರೆಯ ಬರೆಯದ ಅಧ್ಯಾಯ. ಮಾಂಗಲ್ಯವನ್ನು ಕೊಟ್ಟು ಮಗಳನ್ನು ವೈದ್ಯಳನ್ನಾಗಿ ಮಾಡಿದ ತಾಯಿಯು ಕಲಬುರಗಿಯಲ್ಲಿ ಇದ್ದಳು. ಅಂಥ ತಾಯಂದಿರು ಚಾಮರಾಜನಗರದಲ್ಲಿಯೂ ಗುಂಡ್ಲುಪೇಟೆಯಲ್ಲಿಯೂ ಇಲ್ಲದಿಲ್ಲ. ಈ ಜಿಲ್ಲೆಯ ಕಾಲೇಜಿನಲ್ಲಿ ಓದುವ ಹೆಣ್ಣುಮಕ್ಕಳಲ್ಲಿ ಕೆಲವರಾದರೂ ತಮ್ಮ ಊರಿನ ಮಾತನ್ನು ಮರೆಯದೆ, ತಮ್ಮ ಹಾಡಿಯ, ಪೋಡಿನ, ಕೇರಿಯ ಹೆಂಗಸರ ಬಳಿಗೆ ಹಿಂದಿರುಗಿ ಬಂದರೆ, ಗಡ್ಡೆಯು ಕಡಲೆಯ ಗಾತ್ರದಲ್ಲಿರುವಾಗಲೇ ಅದನ್ನು ಹೇಳಿಕೊಳ್ಳುವ ಧೈರ್ಯವು ಇಲ್ಲಿಯ ಸ್ತ್ರೀಯರಿಗೆ ಬರುವುದು. ಅಲ್ಲಿಂದಾಚೆಗೆ ಗುಣಪಡಿಸುವ ವಿದ್ಯೆಯು ಎಂದೋ ಸಿದ್ಧವಾಗಿದೆ.